ಲೇನಾ ಉಂಡ ಬಿಸಿ ಅನ್ನ, ಬ್ಯಾಳಿ

ಸ್ನಾನ ಮುಗಿಸಿ ಹೊರಬಂದರೆ, ನನ್ನ ಜರ್ಮನ್ ರೂಮ್‌ಮೇಟ್ ಲೇನಾ ನನ್ನ ಫೋನ್ ಹಿಡಿದು, ಕಮಲಾಪುರದಲ್ಲಿರುವ ನಮ್ಮ ಅವ್ವನ ಜೊತೆ ಕನ್ನಡದಲ್ಲಿ ಮಾತನಾಡುತ್ತಿದ್ದಳು. ಇಂಟರ್ನ್‌ಶಿಪ್‌ಗೆಂದು ಅವಳ ದೇಶಕ್ಕೆ ಹೋಗಿದ್ದ ನಾನು ಅವಳಿಗೆ ಒಂದಕ್ಷರ ಕನ್ನಡವನ್ನೂ ಕಲಿಸಿರಲಿಲ್ಲ.

ವಿಡಿಯೊ ಕರೆ ಮಾಡಿದ್ದ ಅವ್ವ ರೂಢಿಯಂತೆ, "ಊಟ ಆಯ್ತೇನವ್ವ?" ಎಂದು ಕೇಳಿದ್ದಳು. ಲೇನಾ ಥೇಟ್ ನನ್ನದೇ ರಾಗದಲ್ಲಿ ಉತ್ತರಿಸಿದಳು: "ಆಯ್ತವ್ವ. ಬಿಸಿ ಅನ್ನ, ಬ್ಯಾಳಿ ಮಾಡ್ಕೊಂಡು ಹೊಟ್ಟಿ ತುಂಬ ಉಂಡೀನಿ."

ಅವಳ ಇನ್ನೊಂದು ಕೈಯಲ್ಲಿ ಅರ್ಧ ಕಚ್ಚಿದ ಪಿಜ್ಜಾ ಇತ್ತು.

ಅದು ನಾನು ದಿನಾ ಅವ್ವನಿಗೆ ಹೇಳುತ್ತಿದ್ದ ಮಾತು. ಹೇಳುವಾಗ ನನ್ನ ಕೈಯಲ್ಲೂ ಹೆಚ್ಚಾಗಿ ಪಿಜ್ಜಾವೇ ಇರುತ್ತಿತ್ತು. ಆದರೆ ನಾನು ನೆಟ್‌ವರ್ಕ್ ಸರಿಯಿಲ್ಲವೆಂದು ಕ್ಯಾಮೆರಾ ಆರಿಸಿರುತ್ತಿದ್ದೆ. ಲೇನಾ ಮಾತನ್ನಷ್ಟೇ ಕಲಿತಿದ್ದಳು, ಕ್ಯಾಮೆರಾ ಆರಿಸುವುದನ್ನು ಕಲಿತಿರಲಿಲ್ಲ. ಅವ್ವ ಊರಿನಿಂದ ಕಟ್ಟಿಕೊಟ್ಟ ತೊಗರಿಬೇಳೆಯ ಗಂಟು, ಬಿಚ್ಚದೆ ಇಟ್ಟಿದ್ದು, ಅವಳ ಹಿಂದಿನ ಕಪಾಟಿನಲ್ಲಿ ಚೆನ್ನಾಗಿ ಕಾಣುತ್ತಿತ್ತು.

ಅವ್ವ ಪಿಜ್ಜಾ ನೋಡಿದಳು, ಗಂಟು ನೋಡಿದಳು, ತಲೆಗೆ ಟವೆಲ್ ಸುತ್ತಿ ನಿಂತಿದ್ದ ನನ್ನನ್ನೂ ನೋಡಿದಳು. "ಪಾಪ, ಆ ಹುಡುಗಿಗಿ ಕನ್ನಡ ಬರಂಗಿಲ್ಲ. ನಿನ್ನ ಸುಳ್ಳು ಕೇಳಿ ಕೇಳಿ ಬಾಯಿಪಾಠ ಆಗ್ಯಾದ," ಎಂದಳು. ಅವ್ವ ತನ್ನನ್ನು ಹೊಗಳಿದಳೆಂದು ತಿಳಿದ ಲೇನಾ ಕೈಮುಗಿದಳು.

ಈಗ ಕಲಬುರಗಿಯ ಹಾಸ್ಟೆಲ್‌ಗೆ ಮರಳಿದ್ದೇನೆ. ಮೆಸ್ಸಿನಲ್ಲಿ ನಿಜವಾಗಿಯೂ ಅನ್ನ, ಬ್ಯಾಳಿ ಉಂಡು ಹಾಗೆಂದು ಹೇಳಿದರೂ ಅವ್ವ ನಂಬುವುದಿಲ್ಲ. "ಲೇನಾನೂ ಹಿಂಗೇ ಹೇಳಿದ್ದಳು. ತಾಟು ತೋರ್ಸು," ಎನ್ನುತ್ತಾಳೆ.