ಮನೆಗೊಂದು ಈಮೇಲ್

ಮೌಂಟ್ ರಾಸ್ಕಿಲ್ ಕಡೆಯ ಆ ಕ್ಲಿನಿಕ್ಕಿನಲ್ಲಿ ಕಾತ್ಯಾಯಿನಿ ಹೆಸರಿಗೆ ರಿಸೆಪ್ಷನಿಸ್ಟ್. ಕೆಲಸ ಮಾತ್ರ ಹತ್ತಾರು. ಫೋನ್ ಎತ್ತಬೇಕು, ಅಳುವ ಮಕ್ಕಳನ್ನು ಸುಮ್ಮನಿರಿಸಬೇಕು, ಇಂಗ್ಲಿಷ್ ಬಾರದ ಕನ್ನಡದ ಹಿರಿಯರು ಬಂದರೆ ಡಾಕ್ಟರ ಕೋಣೆಗೂ ಹೋಗಿ ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಹೇಳಬೇಕು. ಮೈಸೂರಿನಲ್ಲಿ ಎಂಟು ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವಳು. ಗಂಡ ಅನಂತನ ಹಿಂದೆ ಆಕ್ಲೆಂಡಿಗೆ ಬಂದ ಮೇಲೆ ಅವಳ ಸರ್ಟಿಫಿಕೇಟನ್ನು ಯಾರೂ ಮೂಸಿಯೂ ನೋಡಲಿಲ್ಲ. ಸಿಕ್ಕಿದ್ದು ಈ ಕುರ್ಚಿ. ಹೋಗಲಿ, ಸ್ಯಾಂಡ್ರಿಂಗಮ್ಮಿನ ಮನೆಯಿಂದ ಒಂದೇ ಬಸ್ಸು, ಬರುವವರಲ್ಲಿ ನಮ್ಮವರೂ ಇರುತ್ತಾರೆ ಅಂತ ಸಮಾಧಾನ ಮಾಡಿಕೊಂಡಿದ್ದಳು.

2015ರಲ್ಲಿ ಪೋರ್ಟಲ್ ಬಂತು. ಇನ್ನು ಮೇಲೆ ರೋಗಿಗಳು ರಕ್ತಪರೀಕ್ಷೆಯ ರಿಪೋರ್ಟು, ಔಷಧಿಯ ಪಟ್ಟಿ ಎಲ್ಲವನ್ನೂ ಮನೆಯಲ್ಲಿ ಕುಳಿತೇ ನೋಡಿಕೊಳ್ಳಬಹುದು; ದೇಶವೆಲ್ಲ ಹೀಗೇ ಆಗಬೇಕು ಅಂತ ಮೇಲಿನಿಂದ ಒತ್ತಾಯ. ಮೇಲಿನವರಿಗೇನು, ಹೇಳಿ ಕೈತೊಳೆದುಕೊಂಡರು. ಎಷ್ಟು ಜನರನ್ನು ಸೇರಿಸಿದಿರಿ ಅಂತ ಮ್ಯಾನೇಜರ್ ಹೆಲೆನ್ ಗೋಡೆಯ ಬೋರ್ಡಿನ ಮೇಲೆ ವಾರವಾರ ಬರೆಯತೊಡಗಿದಳು. ಅದರೊಳಗೆ ಹೋಗಲು ಒಬ್ಬೊಬ್ಬರಿಗೂ ಅವರದೇ ಈಮೇಲ್ ಇರಬೇಕು ಎನ್ನುವುದು ನಿಯಮ. ಹೆಲೆನ್ ಅದನ್ನು ಎರಡು ಸಲ ಒತ್ತಿ ಹೇಳಿದ್ದಳು.

ನಮ್ಮ ಹಿರಿಯರಿಗೆ ಈಮೇಲ್ ಎಲ್ಲಿಂದ ಬರಬೇಕು? ಕೇಳಿದರೆ, “ಮಗನ್ದು ಹಾಕ್ಕೊಳಮ್ಮ, ಎಲ್ಲಾ ಅವ್ನೇ ನೋಡ್ಕೊಳೋದು” ಎನ್ನುತ್ತಿದ್ದರು. ಕಾತ್ಯಾಯಿನಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಮನೆಗೊಂದು ರೇಷನ್ ಕಾರ್ಡು, ಯಾರ ಹೆಸರಿಗೆ ಕಾಗದ ಬಂದರೂ ಕೈಗೆ ಸಿಕ್ಕವರು ಒಡೆದು ಓದುವುದು, ಇದನ್ನೇ ನೋಡಿ ಬೆಳೆದವಳು. ನಲವತ್ತು ಜನರನ್ನು ಮಕ್ಕಳ ಈಮೇಲಿನಲ್ಲಿ ಸೇರಿಸಿಬಿಟ್ಟಳು. ಬೋರ್ಡಿನ ಮೇಲೆ ಅವಳ ಹೆಸರು ಮೊದಲು ಬಂತು. ಹೆಲೆನ್ ಕೇಕ್ ತರಿಸಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು, ಇವಳು ಹಿಗ್ಗಿಹೋದಳು.

ಮರುವರ್ಷ ಡಾಕ್ಟರ ಪತ್ರಗಳನ್ನೂ ಪೋರ್ಟಲ್ಲಿಗೆ ಬಿಟ್ಟರು. ಆ ಮೀಟಿಂಗಿನಲ್ಲಿ ಕಾತ್ಯಾಯಿನಿಯೂ ಇದ್ದಳು, ಬಿಸ್ಕತ್ತು ತಿನ್ನುತ್ತಾ ತಲೆಯಾಡಿಸಿದ್ದಳು. ಆ ನಲವತ್ತು ಈಮೇಲ್‌ಗಳು ಅವಳ ತಲೆಗೇ ಬರಲಿಲ್ಲ.

ಅದಾಗಿ ಮೂರು ವಾರಕ್ಕೆ ಶಾಂತಾ ಆಂಟಿ ಒಬ್ಬರೇ ಬಂದರು. ಹಿಲ್ಸ್‌ಬರೋದಲ್ಲಿ ಮಗ ಗುರುರಾಜನ ಮನೆಯಲ್ಲಿದ್ದವರು. ಮಗ ಸೊಸೆ ಇಬ್ಬರೂ ಆಫೀಸಿಗೆ ಹೋದರೆ ಮೂರು ವರ್ಷದ ಮೊಮ್ಮಗಳು ಕೃಪಾಳಿಗೆ ದಿನವಿಡೀ ಇವರೇ ಎಲ್ಲ. ಈ ಊರಿನಲ್ಲಿ ಅವರದು ಅಂತ ಇದ್ದದ್ದು ಆ ಮಗುವೊಂದೇ. ಮರೆವು ಎಷ್ಟಿದೆ ನೋಡಲು ಡಾಕ್ಟರು ಗಡಿಯಾರದ ಚಿತ್ರ ಬರೆಯಲು ಹೇಳಿದರು, ಐದು ಪದ ಕೊಟ್ಟು ಆಮೇಲೆ ಕೇಳಿದರು. ಎರಡೂ ಸರಿಬರಲಿಲ್ಲ. ಪಾರ್ಕಿನಿಂದ ಬರುವಾಗ ಎರಡು ಸಲ ದಾರಿ ತಪ್ಪಿದ್ದನ್ನು ಆಂಟಿಯೇ ಹೇಳಿಕೊಂಡರು. ಇನ್ನು ಮೇಲೆ ಮಗುವನ್ನು ಒಬ್ಬರೇ ಹೊರಗೆ ಕರೆದೊಯ್ಯಬೇಡಿ, ಮಗನಿಗೆ ನೀವೇ ಹೇಳಿದರೆ ಒಳ್ಳೆಯದು, ನಿಮ್ಮನ್ನು ಕೇಳದೆ ನಾನು ಹೇಳುವುದಿಲ್ಲ ಎಂದ ಡಾಕ್ಟರು ಮೆಮರಿ ಕ್ಲಿನಿಕ್ಕಿಗೆ ಪತ್ರ ಬರೆದರು. ಎಲ್ಲವನ್ನೂ ಕನ್ನಡದಲ್ಲಿ ಹೇಳಿದವಳು ಕಾತ್ಯಾಯಿನಿ.

ಹೊರಗೆ ಬಂದು ಆಂಟಿ ಅವಳ ಕೈ ಹಿಡಿದುಕೊಂಡರು. “ನಾನೇ ಸಮಯ ನೋಡಿ ಹೇಳ್ತೀನಿ ಕಣೆ. ಈಗ್ಲೇ ಗೊತ್ತಾದ್ರೆ ಮಗೂನ ನನ್ನ ಹತ್ರ ಬಿಡಲ್ಲ ಅವ್ರು. ನಿನ್ನ ಬಾಯಿಂದ ಹೊರಗೆ ಹೋಗ್ಬಾರ್ದು.”

“ಖಂಡಿತಾ ಹೋಗಲ್ಲ ಆಂಟಿ,” ಎಂದಳು ಕಾತ್ಯಾಯಿನಿ. ಬಾಯಿಂದಂತೂ ಹೋಗಲಿಲ್ಲ.

ಎರಡು ದಿನ ಬಿಟ್ಟು ಗುರುರಾಜನ ಫೋನು. “ಅಮ್ಮನ ಲೆಟರ್ ಪೋರ್ಟಲ್‌ನಲ್ಲಿ ನೋಡ್ದೆ. ಮೆಮರಿ ಕ್ಲಿನಿಕ್ ಡೇಟ್ ಯಾವಾಗ ಬರುತ್ತೆ ಹೇಳಿ.” ಕಾತ್ಯಾಯಿನಿಗೆ ಆ ನಲವತ್ತು ಈಮೇಲ್‌ಗಳು ಆಗ ನೆನಪಾದವು. ಏನೋ ತೊದಲಿ ಫೋನಿಟ್ಟಳು. ಆಂಟಿಯ ಹೆಸರಿನ ಮುಂದಿದ್ದ ಮಗನ ಈಮೇಲನ್ನು ಅಳಿಸಿದಳು, ಉಳಿದ ಮೂವತ್ತೊಂಬತ್ತನ್ನೂ ಅಳಿಸಿದಳು. ಯಾಕೆ ಅಂತ ಹೆಲೆನ್ ಕೇಳಿದರೆ, ಪಾಸ್‌ವರ್ಡ್ ತೊಂದರೆ ಎಂದಳು. ಹಾಲು ಚೆಲ್ಲಿದ ಮೇಲೆ ಪಾತ್ರೆ ತೊಳೆದ ಹಾಗಾಯಿತು, ಅಷ್ಟೆ.

ಮುಂದಿನ ಸೋಮವಾರವೇ ಕೃಪಾ ಡೇಕೇರ್ ಸೇರಿದಳು. ಗುರುರಾಜನನ್ನು ಬೈಯೋಣವೆಂದರೆ ಅವನು ಮಗುವಿನ ಅಪ್ಪ. ಅವನ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಆದರೆ ಆಮೇಲೆ ಅವನು ಮಾಡಿದ್ದಿದೆಯಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತದೆ.

ಅದು ಕಾತ್ಯಾಯಿನಿಗೆ ತಿಳಿದದ್ದು ಒಂದು ತಿಂಗಳ ನಂತರ, ಆಂಟಿ ಬಿ.ಪಿ. ನೋಡಿಸಲು ಬಂದಾಗ. ಸೊರಗಿ ಅರ್ಧವಾಗಿದ್ದರು. ಬೈಸಿಕೊಳ್ಳಲು ಇವಳು ಸಿದ್ಧವಾಗಿಯೇ ಕುಳಿತಿದ್ದಳು. ಆಂಟಿ ಬೈಯಲಿಲ್ಲ.

“ಮಗು ಈಗ ಏನ್ ಕೇಳಿದ್ರೂ ಇಂಗ್ಲಿಷ್‌ನಲ್ಲೇ ಹೇಳುತ್ತೆ,” ಎಂದರು. ಆಮೇಲೆ, “ನಿಂಗೆ ಹೆಂಗ್ ಗೊತ್ತಾಯ್ತೋ ಅಂತ ಗುರೂನ ಕೇಳ್ದೆ. ‘ನೀನೇ ಹೇಳಿದ್ಯಲ್ಲಮ್ಮ, ಮರ್ತೋಯ್ತಾ’ ಅಂದ. ನಂಗೆ ಒಂಚೂರೂ ನೆನಪಿಲ್ಲ ಕಣೆ. ಅಷ್ಟು ಮುಂದೆ ಹೋಗ್ಬಿಟ್ಟಿದೆ ನೋಡು.”

ಒಂದು ಮಾತು ಸಾಕಿತ್ತು. ನೀವು ಹೇಳಿಲ್ಲ ಆಂಟಿ, ನಿಮ್ಮ ತಲೆ ಅಷ್ಟು ಕೆಟ್ಟಿಲ್ಲ, ತಪ್ಪು ನನ್ನದು. ಹೇಳಿದರೆ ದೂರು ಆಗಬಹುದು, ವಿಚಾರಣೆ ಬರಬಹುದು, ಈ ಕುರ್ಚಿಯೂ ಹೋಗಬಹುದು. ಆದರೆ ಕನ್ನಡದಲ್ಲಿ ಹೇಳಿದ್ದರೆ ಪಕ್ಕದಲ್ಲಿದ್ದ ಹೆಲೆನ್‌ಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಕಾತ್ಯಾಯಿನಿಗೆ ಅದೂ ಗೊತ್ತಿತ್ತು.

“ಇರ್ಬೋದು ಆಂಟಿ,” ಎಂದಳು.

ಆಂಟಿ ನಿಧಾನವಾಗಿ ತಲೆಯಾಡಿಸಿದರು. ಸುತ್ತ ನೋಡಿ ದನಿ ತಗ್ಗಿಸಿದರು. “ನಿನ್ನ ಹತ್ರ ಇನ್ನೇನಾದ್ರೂ ಹೇಳ್ಬಿಟ್ಟಿದೀನಾ? ಸೊಸೆ ವಿಷ್ಯ, ಮನೆ ವಿಷ್ಯ? ಆ ಭಯಕ್ಕೇ ಈಗ ಯಾರ ಹತ್ರಾನೂ ಬಾಯೇ ಬಿಡಲ್ಲ ನಾನು.”

“ಇಲ್ಲ ಆಂಟಿ, ಏನೂ ಹೇಳಿಲ್ಲ.”

“ಸರಿ ಹಾಗಾದ್ರೆ. ನನ್ನನ್ನ ನಾನೇ ನಂಬೋ ಹಾಗಿಲ್ಲ ಈಗ. ನೀನು ಹೇಳಿದ್ದನ್ನೇ ನಂಬ್ತೀನಿ.”