ಕಿಟಕಿ ಪಕ್ಕದ ಖಾಲಿ ಕೊಕ್ಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಾಲೆಯ ಗೇಟಿನ ಬೀಗ ತೆಗೆದ ಆಯಾ ಪೊರಕೆ ಹುಡುಕುತ್ತಿದ್ದಾರೆ. ಒಂದನೇ ತರಗತಿಯ ಟೀಚರ್ ಆಗಲೇ ಗೋಡೆಯ ಮುಂದೆ ಮಂಡಿಯೂರಿ ಕುಳಿತಿದ್ದಾರೆ. ತುಟಿಗಳ ನಡುವೆ ಒಂದು ಸ್ಕ್ರೂ, ಕೈಯಲ್ಲಿ ಸ್ಕ್ರೂಡ್ರೈವರ್. ಗೋಡೆಯುದ್ದಕ್ಕೂ, ಆರು ವರ್ಷದ ಮಗುವಿನ ಕೈಗೆ ಎಟುಕುವ ಎತ್ತರದಲ್ಲಿ, ಬ್ಯಾಗು ನೇತುಹಾಕುವ ಕೊಕ್ಕೆಗಳ ಸಾಲಿದೆ. ಹಿಂದಿನ ದಿನ ಮಕ್ಕಳು ಜೋತುಬಿದ್ದು ಸಡಿಲ ಮಾಡಿದ್ದನ್ನು ಬೆಳಿಗ್ಗೆ ಬಿಗಿ ಮಾಡುವುದು ಅವರ ಮೊದಲ ಕೆಲಸ. ಕಿಟಕಿ ಪಕ್ಕದ ಕೊಕ್ಕೆ ಮಾತ್ರ ಸಡಿಲವಾಗುವುದೇ ಇಲ್ಲ. ಈ ವರ್ಷ ಅದಕ್ಕೆ ಯಾರೂ ಏನನ್ನೂ ನೇತುಹಾಕಿಲ್ಲ. ಆದರೂ ಟೀಚರ್ ಅದನ್ನೊಮ್ಮೆ ಅಲುಗಾಡಿಸಿ ನೋಡುತ್ತಾರೆ.

"ಅದನ್ಯಾಕೆ ಗೋಳು ಹುಯ್ಕೊಳ್ತೀರಿ ಮಿಸ್? ಬಂಡೆ ಹಾಗೆ ಕೂತಿದೆ," ಎಂದು ಆಯಾ ಬಾಗಿಲಿಂದಲೇ ನಗುತ್ತಾರೆ.

"ಇರ್ಲಿ ಬಿಡಿ ಅಕ್ಕಾ. ಅವಳು ಬ್ಯಾಗ್ ಹಾಕಿದ ದಿನವೇ ಇದು ಕೈಕೊಟ್ರೆ?"

ಆ ಹುಡುಗಿ ಎಲ್ಲರಿಗಿಂತ ಮೊದಲೇ ಬರುತ್ತಾಳೆ. ಕಿಟಕಿ ಪಕ್ಕ ಕೂರುತ್ತಾಳೆ. ಬರೆಯುವಾಗ, ಡಬ್ಬಿ ತೆರೆದು ಉಣ್ಣುವಾಗ, ಅಂಗಳದಲ್ಲಿ ಓಡುವಾಗಲೂ ಬ್ಯಾಗು ಬೆನ್ನ ಮೇಲೇ ಇರುತ್ತದೆ. ಬೆಂಚಿಗೆ ಒರಗಲಾಗದೆ ತುದಿಯಲ್ಲಿ ಕೂತು ಕೂತು ಅವಳ ಲಂಗದ ಒಂದು ಕಡೆ ಮಾತ್ರ ಸವೆದಿದೆ.

ಟೀಚರ್ ಈ ಶಾಲೆಗೆ ಬಂದು ಹದಿನಾಲ್ಕು ವರ್ಷವಾಯಿತು. ಕೆಲಸ ಇನ್ನೂ ಖಾಯಂ ಆಗಿಲ್ಲ. ಪ್ರತಿ ಬೇಸಿಗೆಯಲ್ಲೂ ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎಂಬ ಅನುಮಾನ. ತರಗತಿಯಲ್ಲಿ ಮೂವತ್ತೆಂಟು ಮಕ್ಕಳು, ಮನೆಮಾತು ಏಳು. ಕಾರ್ಖಾನೆ, ಗೋದಾಮು, ಕಟ್ಟಡದ ಕೆಲಸಕ್ಕೆಂದು ಎಲ್ಲೆಲ್ಲಿಂದಲೋ ಬಂದವರ ಮಕ್ಕಳು. ಯಾರದ್ದೋ ಡಬ್ಬಿಯ ವಾಸನೆಗೆ ಇನ್ಯಾರೋ ಮೂಗು ಮುಚ್ಚಿಕೊಳ್ಳುವುದು, ಯಾರದ್ದೋ ಮಾತಿಗೆ ಇನ್ಯಾರೋ ಕಿಸಕ್ಕನೆ ನಗುವುದು ಇಲ್ಲಿ ದಿನದ ಸಂಗತಿ. ಬೈದರೆ ಮೂಗು ಬಿಡುತ್ತಾರೆ, ಟೀಚರ್ ಅತ್ತ ತಿರುಗಿದ ಕೂಡಲೇ ಮತ್ತೆ ಹಿಡಿಯುತ್ತಾರೆ.

ಅದಕ್ಕೆಂದೇ ಅವರು ಒಂದು ಪದ್ಧತಿ ಮಾಡಿಕೊಂಡಿದ್ದರು. ಹಿಂದಿನ ಗೋಡೆಯ ಮೇಲೆ ದೊಡ್ಡ ಭೂಪಟ. ಹೊಸ ಮಗು ಬಂದ ದಿನ ಆ ಮಗುವಿನ ಕೊಕ್ಕೆಯಿಂದ, ಮನೆಯವರು ಹೊರಟು ಬಂದ ಊರಿನವರೆಗೆ ಒಂದು ಬಣ್ಣದ ದಾರ ಕಟ್ಟಬೇಕು. ಎಲ್ಲರೂ ಚಪ್ಪಾಳೆ ತಟ್ಟಬೇಕು. ಶಾಲೆಗೆ ಯಾರೇ ಬರಲಿ, ಹೆಡ್‌ಮಾಸ್ಟರು ಮೊದಲು ಕರೆತಂದು ತೋರಿಸುತ್ತಿದ್ದದ್ದು ಈ ಗೋಡೆಯನ್ನೇ.

"ನಾನು ಚಿಕ್ಕವಳಿದ್ದಾಗ ಅಪ್ಪಂಗೆ ವರ್ಷಕ್ಕೊಂದು ಕಡೆ ಕೆಲಸ. ನಾನು ಐದು ಶಾಲೆ ನೋಡಿದೀನಿ," ಎನ್ನುತ್ತಾರೆ ಟೀಚರ್. "ಎಲ್ಲಾ ಕಡೆ ಹಿಂದಿನ ಬೆಂಚು. ಎಲ್ಲಿಂದ ಬಂದೆ ಮರಿ ಅಂತ ಒಬ್ರೂ ಕೇಳ್ಲಿಲ್ಲ. ಕೇಳಿದ್ರೆ ಸಾಕಿತ್ತು ಅನ್ನೋ ಆಸೆ ಮನಸ್ಸಲ್ಲೇ ಉಳಿದುಬಿಡ್ತು. ಅದಕ್ಕೇ ನಾನು ಎಲ್ಲರನ್ನೂ ಕೇಳ್ತಿದ್ದೆ."

ಈ ಹುಡುಗಿ ಬಂದ ದಿನವೂ ದಾರ ಕಟ್ಟಿದರು. ಅವಳದೇ ಎಲ್ಲಕ್ಕಿಂತ ಉದ್ದದ ದಾರ, ಕೆಂಪು ಬಣ್ಣದ್ದು. ಚಪ್ಪಾಳೆಯೂ ಜೋರಾಗಿತ್ತು. ಹುಡುಗಿ ದಾರವನ್ನು ಈ ತುದಿಯಿಂದ ಆ ತುದಿವರೆಗೆ ನೋಡಿದಳು. ಅರ್ಧ ಇಳಿಸಿದ್ದ ಬ್ಯಾಗನ್ನು ಮತ್ತೆ ಬೆನ್ನಿಗೇರಿಸಿಕೊಂಡಳು.

ವಾರ ಕಳೆದ ಮೇಲೆ ಅವಳ ಅಜ್ಜಿ ಬಂದರು. ರಸ್ತೆ ಮೂಲೆಯ ಶೆಡ್ಡಿನಲ್ಲಿ ಬಟ್ಟೆ ಇಸ್ತ್ರಿ ಮಾಡುವ ಹೆಂಗಸು. ಬಾಗಿಲಲ್ಲೇ ನಿಂತರು.

"ತಾಯಿ, ನಮ್ಮನ್ನ ಯಾವತ್ತು ಕಳಿಸ್ತೀರಿ?"

"ಎಲ್ಲಿಗೆ ಅಜ್ಜಿ?"

"ವಾಪಸ್ ಹೋಗೋ ದಾರಿ ಗುರುತು ಮಾಡಿದೀರಂತಲ್ಲ, ಕೆಂಪು ದಾರದಲ್ಲಿ. ಮಗು ರಾತ್ರಿನೂ ಬ್ಯಾಗ್ ಇಳಿಸಲ್ಲ. ಅಲ್ಲಿ ಮನೆಗೆ ಬೆಂಕಿ ಹಾಕಿದ ದಿನ ಇವಳಮ್ಮ ಬ್ಯಾಗ್ ಹಾಕಿ ಹೇಳಿದ್ಲು, ನಾನು ಬರೋವರೆಗೂ ಇಳಿಸ್ಬೇಡ ಅಂತ. ಅವಳು ಬರಲೇ ಇಲ್ಲ. ಇಲ್ಲಿ ಶಾಲೆ ಅಂತಾದ್ಮೇಲೆ ಇಳಿಸ್ತಾಳೆ ಅಂದ್ಕೊಂಡಿದ್ದೆ."

"ಯಾರಾದ್ರೂ ಕೇಳ್ಲಿ ಅನ್ನೋ ನನ್ನ ಹಸಿವೇ ಎಲ್ಲಾ ಮಕ್ಕಳಿಗೂ ಇರುತ್ತೆ ಅಂದ್ಕೊಂಡಿದ್ದೆ," ಎಂದಷ್ಟೇ ಟೀಚರ್ ಈಗ ಹೇಳುತ್ತಾರೆ.

ಅಂದು ಸಂಜೆಯೇ ಭೂಪಟದಿಂದ ದಾರಗಳನ್ನೆಲ್ಲ ಬಿಚ್ಚಿದರು. ಹೆಡ್‌ಮಾಸ್ಟರು ಹೌಹಾರಿದರು. "ಇದೇನು ಮೇಡಂ, ಇದ್ದಿದ್ದೊಂದು ಚೆಂದದ ಗೋಡೆ! ಬಂದೋರಿಗೆ ನಾನೇನು ನೀರಿನ ಟ್ಯಾಂಕ್ ತೋರಿಸ್ಲಾ?"

"ಮಕ್ಕಳನ್ನ ತೋರಿಸಿ ಸರ್," ಎಂದರಂತೆ ಟೀಚರ್.

ಈಗ ದಾರ ಕೊಕ್ಕೆಯಿಂದ ಕೊಕ್ಕೆಗೆ ಹೋಗುತ್ತದೆ. ಯಾರು ಯಾರ ಜೊತೆ ಆಡಿದರು, ಯಾರು ಯಾರಿಗೆ ರಬ್ಬರ್ ಕೊಟ್ಟರು ಎಂದು ಮಕ್ಕಳೇ ಹೇಳಿ ಕಟ್ಟಿಸುತ್ತಾರೆ. ಬಾಯಿಗೆ ಬಿಡುವಿಲ್ಲದ್ದಕ್ಕೆ 'ರೇಡಿಯೊ' ಎಂದೇ ಹೆಸರಾದ ಹುಡುಗನದು ಮೊದಲ ದಿನವೇ ತಕರಾರು.

"ಮಿಸ್, ಜಗಳ ಆಡಿದ್ರೂ ಕಟ್ಬೇಕಾ?"

"ಕಟ್ಬೇಕು. ಪರಿಚಯ ಇಲ್ದೋರ ಹತ್ರ ಯಾರಾದ್ರೂ ಜಗಳ ಆಡ್ತಾರೇನೋ?"

"ಹಾಗಾದ್ರೆ ನಂಗೆ ಒಂದು ಉಂಡೆ ದಾರನೇ ಬೇಕು ಮಿಸ್!"

ಎಲ್ಲಿಂದ ಬಂದೆ ಎಂದು ಟೀಚರ್ ಈಗ ಕೇಳುವುದಿಲ್ಲ. ಮಗು ತಾನಾಗಿ ಹೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುತ್ತಾರೆ. ಬ್ಯಾಗನ್ನು ಇಳಿಸು ಎಂದು ಕಿಟಕಿ ಪಕ್ಕದ ಹುಡುಗಿಗೆ ಯಾರೂ ಹೇಳಬಾರದು ಎಂಬುದು ತರಗತಿಯ ಕಟ್ಟುನಿಟ್ಟಿನ ನಿಯಮ. ಅವಳ ಖಾಲಿ ಕೊಕ್ಕೆಗೂ ಈಗ ಮೂರು ದಾರಗಳು ಬಂದು ಸೇರಿವೆ. ಒಂದು ರೇಡಿಯೊನದು. ಅವಳ ಪೆನ್ಸಿಲ್ ಮುರಿದದ್ದಕ್ಕೆ.

ಇವತ್ತು ಮಧ್ಯಾಹ್ನ ಮಣ್ಣಿನಲ್ಲಿ ಗೆರೆ ಎಳೆದು ಕುಂಟಾಟ ನಡೆದಿದೆ. ಹುಡುಗಿಯ ಸರದಿ. ಭಾರಕ್ಕೆ ಬ್ಯಾಗು ಒಂದು ಕಡೆ ವಾಲುತ್ತದೆ. ಒಂದು ಪಟ್ಟಿ ಭುಜದಿಂದ ಜಾರುತ್ತದೆ. ಅವಳು ಅದನ್ನು ಮೇಲೆಳೆದುಕೊಳ್ಳದೆ ಕಡೆಯ ಮನೆಯವರೆಗೂ ಕುಂಟುತ್ತಾಳೆ. ಜಗಲಿಯಲ್ಲಿ ನಿಂತ ಟೀಚರ್ ತಟ್ಟನೆ ಬೇರೆ ಕಡೆ ನೋಡುತ್ತಾರೆ, ತಾನು ಗಮನಿಸಿದ್ದು ಮಗುವಿಗೆ ಗೊತ್ತಾಗದಿರಲಿ ಎಂದು.

ಬೇಸಿಗೆ ಬಂದರೆ ಈ ಮಕ್ಕಳು ಎರಡನೇ ತರಗತಿಗೆ ಹೋಗುತ್ತಾರೆ. ಆ ಕೋಣೆಯಲ್ಲಿ ಕೊಕ್ಕೆಗಳಿಲ್ಲ. ಅಷ್ಟರೊಳಗೆ ಅವಳು ಬ್ಯಾಗು ನೇತುಹಾಕಲಿ ಎಂಬ ಆಸೆಯೇ ಎಂದು ಕೇಳಿದರೆ ಟೀಚರ್ ಅಡ್ಡಡ್ಡ ತಲೆಯಾಡಿಸುತ್ತಾರೆ.

"ನೇತುಹಾಕಿದ್ರೆ ಸಾಲದು. ಒಂದು ದಿನ ಇಲ್ಲೇ ಮರೆತು ಮನೆಗೆ ಓಡಿಹೋಗ್ಬೇಕು. ಬೇರೆ ಮಕ್ಕಳು ಮರೆತ್ರೆ ಬೈತೀನಿ. ಅವಳು ಮರೆತ್ರೆ..."

ಎದ್ದು ಹೋಗಿ ಕಿಟಕಿ ಪಕ್ಕದ ಕೊಕ್ಕೆಯನ್ನು ಬೆರಳಲ್ಲಿ ಎಳೆದು ನೋಡುತ್ತಾರೆ.

"ಗಟ್ಟಿಯಾಗಿದೆ," ಎನ್ನುತ್ತಾರೆ. "ಬ್ಯಾಗನ್ನ ಬೆಳಗಿನವರೆಗೂ ಹಿಡ್ಕೊಂಡಿರುತ್ತೆ."