ಎರಡು ವ್ಯವಸ್ಥೆಯ ಹಳೇ ಯಂತ್ರ ಮತ್ತು ಬಾಯಾರು

ಝಳಕಿಯ ಶಾಲೆಯಲ್ಲಿ ನನ್ನ ಜೊತೆ ಕಲಿಸುತ್ತಿದ್ದ ಶಿಕ್ಷಕಿಯನ್ನು ಎಲ್ಲರೂ ಬಾಯಾರು ಎನ್ನುತ್ತಿದ್ದರು. ಅವರು ಸೆರಗು ಸಿಕ್ಕಿಸಿದರೆಂದರೆ ಕೆಲಸ ಅರ್ಧಕ್ಕೆ ಬಿಡುವವರಲ್ಲ. ಮರಾಠಿ ಮನೆಮಾತಿನ ಮಕ್ಕಳಿಗಾಗಿ ಇಂಡಿ ಊರಿನ ತಮ್ಮ ಮನೆಯ ಹೊಸ ಕಂಪ್ಯೂಟರಿನಲ್ಲಿ ಚಿತ್ರಗಳಿರುವ ಕನ್ನಡ ಪಾಠ ಮಾಡಿದ್ದರು. ಫ್ಲಾಪಿಯಲ್ಲಿ ತಂದು ಶಾಲೆಯ ಹಳೇ ಯಂತ್ರದಲ್ಲಿ ತೆರೆದರೆ ಅಕ್ಷರಗಳ ಬದಲು ಬರೀ ಚೌಕಗಳು ಬಂದವು.

"ಬಿಡ್ರಿ ಬಾಯಾರ, ಇದಕ್ಕ ವಯಸ್ಸಾಗೇತಿ," ಎಂದೆ.

"ಆಗೂತನಕ ಮಾಡೂಣ್ರಿ," ಎಂದರು. ಅದು ಅವರ ಎಂದಿನ ಮಾತು.

ಆ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎಂಬ ಎರಡು ಕಾರ್ಯವ್ಯವಸ್ಥೆಗಳಿದ್ದವು. ತಾನಾಗಿ ತೆರೆಯುತ್ತಿದ್ದುದು ಲಿನಕ್ಸ್; ಬಾಯಾರು ಪಾಠ ಮಾಡಿದ್ದು ವಿಂಡೋಸಿನಲ್ಲಿ. ಮರುದಿನ ಬಾಯಾರು ಕನ್ನಡ ಅಕ್ಷರಗಳ ಫಾಂಟನ್ನೂ ಫ್ಲಾಪಿಯಲ್ಲಿ ತಂದರು. ಅದನ್ನು ವಿಂಡೋಸಿಗೆ ಸೇರಿಸಿ, ಮೊದಲು ವಿಂಡೋಸೇ ತೆರೆಯುವಂತೆ ಮಾಡಿದರು. ಮಕ್ಕಳನ್ನು ಕೂರಿಸಿ ಪಾಠ ತೆರೆದಾಗ ಕೊಡದ ಚಿತ್ರದ ಕೆಳಗೆ 'ನೀರು' ಎಂದು ಮೂಡಿತು.

ಅಲ್ಲಿಯವರೆಗೆ ಕನ್ನಡದಲ್ಲಿ ಬಾಯಿಬಿಡದ ಹುಡುಗಿಯೊಬ್ಬಳು ಎದ್ದು ನಿಂತಳು.

"ಬಾಯಾರ, ನೀರ ಕುಡದ ಬರ್ಲೇನ್ರಿ?"

ಬಾಯಾರು ತಮ್ಮ ತಂಬಿಗೆಯನ್ನೇ ಅವಳ ಕೈಗಿತ್ತರು.